ನಮ್ಮ ಮಕ್ಕಳು ಕಾಯುವ ಕಾದಂಬರಿ ಯಾವುದು?

ಮಳೆಗಾಲ ಮುಗಿದು ನವರಾತ್ರಿ ಸಮೀಪಿಸಿತೆಂದರೆ ಮುಂಬಯಿಯ ಪುಸ್ತಕದಂಗಡಿಗಳಿಗೆ ಹೊಸ ಕಳೆ ಬರುತ್ತದೆ. ದಾದರ, ಗಿರಗಾಂವ, ಠಾಣೆ, ಡೊಂಬಿವಲಿಗಳಲ್ಲಿ ಮರಾಠಿಯ ದೀಪಾವಳಿ ಸಂಚಿಕೆಗಳು ಸಾಲಾಗಿ ಬಂದು ಕೂಡುತ್ತವೆ. 1909ರಲ್ಲಿ 'ಮನೋರಂಜನ' ಮಾಸಪತ್ರಿಕೆ ಹಾಕಿಕೊಟ್ಟ ಈ ಪದ್ಧತಿ ಒಂದು ಶತಮಾನ ದಾಟಿಯೂ ಉಳಿದು ಬಂದಿದೆ. ಬೆಳೆಯುವ ಮಕ್ಕಳಿಗೆಂದೇ ಇಲ್ಲಿಯ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯು 1971ರಲ್ಲಿ 'ಕಿಶೋರ' ಎಂಬ ಮಾಸಿಕವನ್ನು ಆರಂಭಿಸಿತು. ಅದಕ್ಕೂ ದೀಪಾವಳಿ ಸಂಚಿಕೆಯುಂಟು. ಬಂಗಾಳಿಗಳದು ಇನ್ನೂ ಒಂದು ಕೈ ಮೇಲು. ಸತ್ಯಜಿತ್ ರಾಯ್ 1965ರಲ್ಲಿ ಸೃಷ್ಟಿಸಿದ ಪತ್ತೇದಾರ ಫೆಲೂದಾನ ಹೊಸ ಸಾಹಸಕ್ಕಾಗಿ ಅಲ್ಲಿಯ ಹುಡುಗರು ದುರ್ಗಾಪೂಜೆಯ ವಿಶೇಷಾಂಕಗಳ ದಾರಿ ಕಾಯುತ್ತಿದ್ದರು. ಇನ್ನು ಇಂಗ್ಲಿಷಿನಲ್ಲಿ ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆಂದೇ ಬರುವ ಕಾದಂಬರಿಗಳ ಪಟ್ಟಿ ತಿಂಗಳುಗಳ ಮೊದಲೇ ಪ್ರಕಟವಾಗಿ, ಪುಸ್ತಕ ಅಚ್ಚಾಗುವ ಮುನ್ನವೇ ಓದುಗರು ಸಿದ್ಧರಾಗಿರುತ್ತಾರೆ.

ಹೀಗಿರುವಾಗ ನಮ್ಮ ಮನೆಗಳಲ್ಲಿರುವ ಹದಿನೈದು ಹದಿನಾರರ ಹುಡುಗ ಹುಡುಗಿಯರು ಈ ಋತುವಿನಲ್ಲಿ ಯಾವ ಕನ್ನಡ ಕಾದಂಬರಿಗಾಗಿ ಕಾದಿದ್ದಾರೆ? ಪ್ರಶ್ನೆ ಕೇಳಿದೊಡನೆ ಹೆಚ್ಚಿನ ಮನೆಗಳಲ್ಲಿ ಮೌನ ಕವಿಯುತ್ತದೆ. ಆ ಮೌನವನ್ನು ಮುರಿಯಲು ಹಿರಿಯರು ಸಾಮಾನ್ಯವಾಗಿ ಆಡುವ ಮಾತು ಒಂದೇ: "ಈಗಿನ ಮಕ್ಕಳಿಗೆ ಕನ್ನಡದ ಅಭಿಮಾನವಿಲ್ಲ." ಈ ಮಾತು ಎಷ್ಟರ ಮಟ್ಟಿಗೆ ನ್ಯಾಯ ಎಂಬುದನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸೋಣ. ಏಕೆಂದರೆ ಇದು ಪುಸ್ತಕಗಳ ಲಭ್ಯತೆಯ ಪ್ರಶ್ನೆಯಂತೆ ಕಂಡರೂ ಆಳದಲ್ಲಿ ಕರ್ತವ್ಯದ ಪ್ರಶ್ನೆ. ಹೊರನಾಡಿನಲ್ಲಿ ಹುಟ್ಟಿ ಬೆಳೆದ ಮಗು ನಮ್ಮ ನುಡಿಗೆ ಏನಾದರೂ ಸಲ್ಲಿಸಬೇಕಾದುದಿದೆಯೆ? ಅಥವಾ ನಾವೇ ಅದಕ್ಕೆ ಏನನ್ನಾದರೂ ಸಲ್ಲಿಸಬೇಕಾಗಿದೆಯೆ?

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹದಿಹರೆಯದವರಿಗೆಂದು ಬೇರೆಯೇ ಸಾಹಿತ್ಯವಿರಬೇಕೆಂಬ ಕಲ್ಪನೆ ಎಲ್ಲ ಕಡೆಯೂ ಈಚಿನದು. ಅಮೇರಿಕೆಯಲ್ಲಿ ಎಸ್. ಇ. ಹಿಂಟನ್ ಎಂಬ ಹುಡುಗಿ ಹೈಸ್ಕೂಲಿನಲ್ಲಿರುವಾಗಲೇ ಬರೆದ 'ದಿ ಔಟ್‌ಸೈಡರ್ಸ್' 1967ರಲ್ಲಿ ಪ್ರಕಟವಾಯಿತು. ಈ ಬಗೆಯ ಕಾದಂಬರಿಗಳ ಕಥೆಯನ್ನು ಹಲವರು ಅಲ್ಲಿಂದಲೇ ಆರಂಭಿಸುತ್ತಾರೆ. ನಮ್ಮಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊರತೆಯಿರಲಿಲ್ಲ. ಪಂಜೆ ಮಂಗೇಶರಾಯರು, ರಾಜರತ್ನಂ ಅವರಂಥ ಹಿರಿಯರು ಅದಕ್ಕಾಗಿ ದುಡಿದರು. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. ಆದರೆ ಹನ್ನೆರಡು ದಾಟಿದ ಮೇಲೆ ನಡುವೆ ನಿಲ್ಲಲು ಜಗಲಿಯೇ ಇರಲಿಲ್ಲ. 'ಚಂದಮಾಮ'ವನ್ನು ಕೆಳಗಿಟ್ಟ ಕೈ ನೇರವಾಗಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನತ್ತ, ತ್ರಿವೇಣಿ, ತ.ರಾ.ಸು., ಅ.ನ.ಕೃ. ಅವರತ್ತ ಹೋಗುತ್ತಿತ್ತು. ಅಂಗಳದಿಂದ ಒಂದೇ ಜಿಗಿತಕ್ಕೆ ನಡುಮನೆ. ಜಗಲಿ ಇಲ್ಲವೆಂದು ಆಗ ಯಾರೂ ದೂರಲಿಲ್ಲ, ಏಕೆಂದರೆ ಮನೆಯೆಲ್ಲ ಕನ್ನಡವೇ ಆಗಿತ್ತು. ಎಲ್ಲಿಗೆ ಜಿಗಿದರೂ ನೆಲ ಸಿಗುತ್ತಿತ್ತು.

ಮುಂಬಯಿಯ ಕನ್ನಡಿಗರಿಗಂತೂ ಹದಿಹರೆಯವೆಂಬುದೇ ಬಹುಕಾಲ ದುಬಾರಿಯ ವಸ್ತುವಾಗಿತ್ತು. ಹನ್ನೆರಡು ಹದಿಮೂರರ ಪ್ರಾಯಕ್ಕೆ ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆದು, ಹಗಲೆಲ್ಲ ದುಡಿದು, ಸಂಜೆ ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಕಲಿತ ಹುಡುಗರೇ ಈ ನಗರದ ಮೊದಲ ಕನ್ನಡ ಕಿಶೋರರು. ಅವರಿಗಾಗಿ ನಮ್ಮ ಸಂಘಗಳು ರಾತ್ರಿ ಶಾಲೆಗಳನ್ನು ತೆರೆದವು, ಓದುವ ಕೋಣೆಗಳನ್ನಿಟ್ಟವು, ಮಾಸಿಕಗಳನ್ನು ನಡೆಸಿದವು. ಇಂದು ನಮ್ಮ ಸಂಘಗಳಿಗೆ ಸ್ವಂತ ಕಟ್ಟಡಗಳಿವೆಯೆಂದರೆ ಅದರ ತಳಪಾಯದಲ್ಲಿ ಆ ಹುಡುಗರ ಅಕ್ಷರದಾಹವಿದೆ. ಅವರು ಕನ್ನಡ ಓದಿದ್ದು ಅಭಿಮಾನದಿಂದಲೇ ಎಂದು ಹೇಳಲಾಗದು. ಅದು ಅವರಿಗೆ ತಿಳಿದ ಏಕೈಕ ಲಿಪಿ. ಊರಿನ ಕಾಗದ ಬರುತ್ತಿದ್ದುದು ಅದರಲ್ಲಿ. ಅಮ್ಮನಿಗೆ ಉತ್ತರ ಬರೆಯಬೇಕಾದುದೂ ಅದರಲ್ಲಿಯೇ.

ಇಂದಿನ ಮಗುವಿನ ಸ್ಥಿತಿ ಬೇರೆ. ಬೃಹನ್ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಅವುಗಳಲ್ಲಿ ಕನ್ನಡವೂ ಒಂದು. ಆದರೆ ಕನ್ನಡ ತರಗತಿಗಳ ಬೆಂಚುಗಳು ವರ್ಷ ವರ್ಷವೂ ಬರಿದಾಗುತ್ತ ಬಂದಿವೆ. ನಮ್ಮವರೇ ಕಟ್ಟಿದ ವಿದ್ಯಾಸಂಸ್ಥೆಗಳು ಕೂಡ ಇಂಗ್ಲಿಷ್ ಮಾಧ್ಯಮವನ್ನು ಜೊತೆಗಿಟ್ಟುಕೊಂಡೇ ಬಾಳಬೇಕಾಗಿದೆ. ಹೆತ್ತವರು ಹೀಗೆ ಆಯ್ದುಕೊಂಡದ್ದರಲ್ಲಿ ಅಪರಾಧವೇನಿಲ್ಲ. ಬಾಡಿಗೆಯ ಕೋಣೆಯಿಂದ ಸ್ವಂತ ಮನೆಗೆ ಏರಬೇಕಾದವರು ನಾಳಿನ ಅನ್ನದ ಲೆಕ್ಕ ಹಾಕಲೇಬೇಕು. ಆದರೆ ಅನ್ನದ ಲೆಕ್ಕವನ್ನು ಹಾಕಿದವರು ತಾವು, ಅಭಿಮಾನದ ಬಾಕಿಯನ್ನು ತೀರಿಸಬೇಕಾದವನು ಮಗ ಎಂದರೆ ಅದು ನ್ಯಾಯವಾಗದು. ಐದನೆಯ ವಯಸ್ಸಿನಲ್ಲಿ ಶಾಲೆಯ ಅರ್ಜಿಗೆ ಮಗು ಸಹಿ ಹಾಕಿರಲಿಲ್ಲ.

ನಮ್ಮ ಪರಂಪರೆಯಲ್ಲಿ ಋಣವೆಂಬ ಮಾತುಂಟು. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಬರುತ್ತಾನೆಂದೂ, ಅವುಗಳಲ್ಲಿ ಋಷಿಋಣವನ್ನು ಅಧ್ಯಯನದಿಂದ ತೀರಿಸಬೇಕೆಂದೂ ಹಿರಿಯರು ಹೇಳಿದರು. ಭಾಷೆಯ ಋಣವೂ ಇದೇ ಜಾತಿಯದು ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಆ ವ್ಯವಸ್ಥೆಯಲ್ಲಿ ಅಧ್ಯಯನಕ್ಕೆ ಮೊದಲು ಉಪನಯನವಿತ್ತು, ಗುರುವಿದ್ದ, ಹೇಳಿಕೊಡುವ ಕ್ರಮವಿತ್ತು. ಹೇಳಿಕೊಡದೆ ಋಣವನ್ನು ಮಾತ್ರ ವಸೂಲು ಮಾಡುವುದು ಗುರುವಿಗೆ ಒಪ್ಪುವ ಕ್ರಮವಲ್ಲ. ಅಕ್ಷರವನ್ನು ಪಡೆದವನಿಗೆ ಮಾತ್ರ ಅಕ್ಷರದ ಋಣ. ಪಡೆಯದವನ ಮೇಲೆ ಹೊರಿಸಿದರೆ ಅದು ದಂಡವಾಗುತ್ತದೆ.

ಇಲ್ಲಿ ಇನ್ನೊಂದು ತೊಡಕನ್ನೂ ಗಮನಿಸಬೇಕು. ಮುಂಬಯಿಯ ನಮ್ಮ ಮನೆಗಳಲ್ಲಿ ಬಹಳಷ್ಟು ಮಂದಿಯ ಮನೆಮಾತು ತುಳು. ಕೆಲವರದು ಕೊಂಕಣಿ, ಕೆಲವರದು ಹವ್ಯಕ ಅಥವಾ ಕುಂದಾಪುರದ ನುಡಿ. ತುಳು, ಕೊಂಕಣಿಯವರಿಗೆ ಕನ್ನಡವೆಂಬುದು ತೊಟ್ಟಿಲಿನಲ್ಲಿ ಬಂದ ಮಾತಲ್ಲ, ಶಾಲೆಯಲ್ಲಿ, ಯಕ್ಷಗಾನದ ಚೌಕಿಯ ಮುಂದೆ, ಪತ್ರಿಕೆಯ ಪುಟದಲ್ಲಿ ದಕ್ಕಿದ ಮಾತು. ಅಂಥ ಮನೆಯ ಮಗುವಿಗೆ ಲಿಪಿ ತಪ್ಪಿತೆಂದರೆ ಕನ್ನಡವೇ ಪೂರ್ತಿಯಾಗಿ ತಪ್ಪಿತು. ಧಾರವಾಡದಿಂದಲೋ ಮೈಸೂರಿನಿಂದಲೋ ಬಂದವರ ಮನೆಯಲ್ಲಿ ಅಕ್ಷರ ಹೋದರೂ ಕಿವಿಯಲ್ಲಿ ಒಂದಿಷ್ಟು ಕನ್ನಡ ಉಳಿದೀತು. ಹಾಗಾಗಿ 'ಮಾತೃಭಾಷೆ' ಎಂಬ ಒಂದೇ ಮಾತಿನಿಂದ ಎಲ್ಲ ಮಕ್ಕಳನ್ನೂ ಬೆದರಿಸುವುದು ಸತ್ಯಕ್ಕೂ ದೂರ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಮ್ಮ ಮಕ್ಕಳು ಕನ್ನಡ ಕಾದಂಬರಿ ಓದಬೇಕೆಂದು ನಾವು ಬಯಸುವುದು ಯಾರಿಗಾಗಿ? ಕನ್ನಡಕ್ಕಾಗಿಯೆ, ನಮಗಾಗಿಯೆ, ಮಕ್ಕಳಿಗಾಗಿಯೆ? ಭಾಷೆ ಉಳಿಯಬೇಕೆಂಬ ಹಂಬಲ ಒಳ್ಳೆಯದೇ. ಆದರೆ ಅದಕ್ಕಾಗಿ ಮಗುವನ್ನು ನಮ್ಮ ನೆನಪುಗಳನ್ನು ತುಂಬಿಡುವ ಉಪ್ಪಿನಕಾಯಿ ಭರಣಿಯನ್ನಾಗಿ ಮಾಡುವುದು ಸರಿಯೆ? ನಮ್ಮ ಊರು, ನಮ್ಮ ಗದ್ದೆ, ನಮ್ಮ ಹೊಳೆ ಇವೆಲ್ಲ ನಮಗೆ ಸತ್ಯ. ಬೊರಿವಲಿಯ ಏಳನೆಯ ಮಾಳಿಗೆಯಲ್ಲಿ ಬೆಳೆದವನಿಗೆ ಅವು ಮೇ ತಿಂಗಳ ಎರಡು ವಾರ. ಮನುಷ್ಯನನ್ನು ಇನ್ನಾವುದೋ ಉದ್ದೇಶಕ್ಕೆ ಕೇವಲ ಸಾಧನವಾಗಿ ಬಳಸಬಾರದೆಂದು ನೀತಿಶಾಸ್ತ್ರ ಹೇಳುತ್ತದೆ. ಆ ಉದ್ದೇಶ ಎಷ್ಟೇ ಪವಿತ್ರವಾಗಿರಲಿ, ಮಗು ನಮ್ಮದೇ ಆಗಿರಲಿ, ನಿಯಮ ಸಡಿಲವಾಗುವುದಿಲ್ಲ.

ಇದಕ್ಕೆ ಎದುರು ವಾದವೂ ಇದೆ, ಅದು ದುರ್ಬಲವಾದುದೂ ಅಲ್ಲ. ಮಗು ಕೇಳಿದ ಮೇಲೆಯೇ ಎಲ್ಲವನ್ನೂ ಕೊಡುವುದಾದರೆ ಅದು ಹಲ್ಲುಜ್ಜುವುದನ್ನೂ ಕಲಿಯದು, ಮಗ್ಗಿಯನ್ನೂ ಕಲಿಯದು. ಮಾಟುಂಗಾದಲ್ಲಿ ಸಂಗೀತದ ಪಾಠಕ್ಕೆ ಹೋಗುವ ಎಂಟರ ಹುಡುಗಿ ತಾನಾಗಿ ಬಯಸಿ ಸರಳೆ ವರಸೆ ಹಾಡುವುದಿಲ್ಲ. ಮುಂದೆ ಬಯಸುವ ಶಕ್ತಿ ಬರಲೆಂದೇ ಮೊದಲು ಒತ್ತಾಯ ಮಾಡುತ್ತೇವೆ. ಕನ್ನಡಕ್ಕೆ ಮಾತ್ರ ಈ ಒತ್ತಾಯ ಏಕೆ ಬೇಡ?

ಈ ವಾದವನ್ನು ನಾವು ಅರ್ಧ ಒಪ್ಪುತ್ತೇವೆ. ಸಂಗೀತದ ಗುರು ಸ್ವರಸ್ಥಾನವನ್ನು ಒತ್ತಾಯದಿಂದ ಕಲಿಸಬಹುದು. ಯಾವ ರಾಗವನ್ನು ಕೇಳಿ ಕಣ್ಣೀರು ಬರಬೇಕೆಂದು ಆಜ್ಞಾಪಿಸಲಾರ. ಕನ್ನಡದಲ್ಲಿಯೂ ಈ ಗೆರೆಯನ್ನೇ ಎಳೆಯಬೇಕು. ಲಿಪಿ ಕಲಿಸುವುದು ಹಿರಿಯರ ಕರ್ತವ್ಯ. ಅದಕ್ಕೆ ಮಗುವಿನ ಒಪ್ಪಿಗೆಗಾಗಿ ಕಾಯಬೇಕಾಗಿಲ್ಲ. ಒಂದು ಬೇಸಿಗೆ ರಜೆಯ ಶ್ರಮ ಸಾಕು. ಆದರೆ ಯಾವ ಪುಸ್ತಕವನ್ನು ಪ್ರೀತಿಸಬೇಕೆಂಬುದು ಹದಿನಾರರ ಮನಸ್ಸಿನ ಸ್ವಂತ ಹಕ್ಕು. ನಮ್ಮಲ್ಲಿ ಅನೇಕ ಕಡೆ ನಡೆಯುವುದು ಇದಕ್ಕೆ ತಿರುಗುಮುರುಗು. ಲಿಪಿ ಕಲಿಸುವ ತೊಂದರೆಯನ್ನು ತೆಗೆದುಕೊಳ್ಳುವುದಿಲ್ಲ, ಪ್ರೀತಿಯನ್ನು ಮಾತ್ರ ವಾರ್ಷಿಕೋತ್ಸವದ ವೇದಿಕೆಯಿಂದ ಕೇಳುತ್ತೇವೆ.

ಪ್ರೀತಿ ಹುಟ್ಟಬೇಕಾದರೆ ಪ್ರೀತಿಸಲು ತಕ್ಕ ವಸ್ತುವಿರಬೇಕು. ಈಚಿನ ವರ್ಷಗಳಲ್ಲಿ ಕನ್ನಡ ಬರಿಗೈಯಲ್ಲಿ ಕುಳಿತಿಲ್ಲವೆಂಬುದು ಸಂತೋಷದ ಸಂಗತಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರವನ್ನು ಕೊಡುತ್ತ ಬಂದಿದೆ. ಶರಾವತಿ ಮುಳುಗಡೆಯ ನೋವನ್ನು ಜೀವನವಿಡೀ ಬರೆದ ಸಾಗರದ ನಾ. ಡಿಸೋಜರಿಗೆ 2011ರಲ್ಲಿ ಅದು ಬಂದುದು 'ಮುಳುಗಡೆಯ ಊರಿಗೆ ಬಂದವರು' ಕಾದಂಬರಿಗೆ. 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್', ಹೀಗೆ ಸತತ ಮೂರು ವರ್ಷ ಕಾದಂಬರಿಗಳೇ ಪುರಸ್ಕಾರ ಪಡೆದವು. ಮಕ್ಕಳಿಗೆಂದು ಹಣೆಪಟ್ಟಿ ಹಚ್ಚದಿದ್ದರೂ ಹದಿನೈದರ ಹುಡುಗ ಒಂದೇ ಗುಕ್ಕಿನಲ್ಲಿ ಓದಬಲ್ಲ ಪುಸ್ತಕವೆಂದರೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿ, ಒಬ್ಬ ಹಳ್ಳಿಯ ಮಂದಣ್ಣ, ಒಂದು ನಾಯಿ ಮತ್ತು ಇತರರು ಹಾರುವ ಓತಿಯನ್ನು ಹುಡುಕುತ್ತ ಪಶ್ಚಿಮ ಘಟ್ಟದ ಕಾಡಿಗೆ ಹೋಗುತ್ತಾರೆ. ಕೊನೆಗೆ ಆ ಓತಿ ಕೈಗೆ ಸಿಗದೆ ಕಣಿವೆಯತ್ತ ಹಾರಿಹೋಗುತ್ತದೆ. ಗೆಲುವಿಲ್ಲದ ಸಾಹಸದ ಕಥೆಯನ್ನು ಇಷ್ಟಪಡುವ ವಯಸ್ಸೆಂದರೆ ಹದಿಹರೆಯವೇ.

ಆದರೂ ಎರಡು ಕೊರತೆಗಳು ಉಳಿಯುತ್ತವೆ. 'ಬಾಲ' ಎಂಬ ಹಣೆಪಟ್ಟಿಯ ಪುಸ್ತಕವನ್ನು ಮೀಸೆ ಮೂಡುತ್ತಿರುವವನು ಕೈಯಲ್ಲಿ ಹಿಡಿಯಲು ನಾಚುತ್ತಾನೆ. ಅಕಾಡೆಮಿಯ ಯುವ ಪುರಸ್ಕಾರವಾದರೂ ಇದೆಯಲ್ಲ ಎಂದರೆ, 2011ರಲ್ಲಿ ಆರಂಭವಾದ ಆ ಪುರಸ್ಕಾರ ಅಳೆಯುವುದು ಬರೆದವರ ವಯಸ್ಸನ್ನು. ಮೂವತ್ತೈದು ಮೀರಿರಬಾರದು ಎಂಬುದು ಅದರ ನಿಯಮ. ಓದುವವರ ವಯಸ್ಸನ್ನು ನೋಡಿ, ಬಾಲ್ಯಕ್ಕೂ ಪ್ರೌಢಿಮೆಗೂ ನಡುವೆ ನಿಂತವರನ್ನು ಗುರುತಿಸುವ ಕಪಾಟು ಕನ್ನಡದ ಅಂಗಡಿಗಳಲ್ಲಿ ಇನ್ನೂ ಗಟ್ಟಿಯಾಗಿ ನಿಂತಿಲ್ಲ.

ಎರಡನೆಯ ಕೊರತೆ ನಮ್ಮದೇ ನಗರದ್ದು. ಮುಂಬಯಿ ಕನ್ನಡಕ್ಕೆ ಕೊಟ್ಟ ಕಥೆಗಾರರ ಸಾಲು ಸಣ್ಣದಲ್ಲ. ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು 1979ರ 'ಶಿಕಾರಿ'ಯಲ್ಲಿ ಈ ಊರಿನ ಕಂಪೆನಿ ಜಗತ್ತಿನ ಭಯವನ್ನು ಬರೆದರು. 1983ರಲ್ಲಿ ಅವರ 'ಕಥೆಯಾದಳು ಹುಡುಗಿ'ಗೂ 1986ರಲ್ಲಿ ವ್ಯಾಸರಾಯ ಬಲ್ಲಾಳರ 'ಬಂಡಾಯ'ಕ್ಕೂ ಅಕಾಡೆಮಿ ಪ್ರಶಸ್ತಿ ಬಂತು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ 2018ರ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಬಹುಮಾನವನ್ನು ಗೆದ್ದವು. ಇವರೆಲ್ಲ ಬರೆದುದು ಬೆಳೆದವರಿಗಾಗಿ. ಕಲ್ಯಾಣದಿಂದ ಲೋಕಲ್ ಗಾಡಿಯಲ್ಲಿ ನೇತಾಡುತ್ತ ಕಾಲೇಜಿಗೆ ಹೋಗುವ, ಗೆಳೆಯರೊಡನೆ ಬಂಬಯ್ಯ ಹಿಂದಿ, ನೆರೆಯವರೊಡನೆ ಮರಾಠಿ, ತರಗತಿಯಲ್ಲಿ ಇಂಗ್ಲಿಷ್, ಅಜ್ಜಿಯೊಡನೆ ತುಳು ಆಡುವ ಹುಡುಗಿಯೊಬ್ಬಳು ಕನ್ನಡ ಕಾದಂಬರಿಯನ್ನು ತೆರೆದಾಗ ಅಲ್ಲಿ ತನ್ನನ್ನೇ ಕಾಣುವುದು ಅಪರೂಪ. ತನ್ನ ಮುಖ ಕಾಣದ ಕನ್ನಡಿಯ ಮುಂದೆ ಯಾವ ಹರೆಯವೂ ಬಹಳ ಹೊತ್ತು ನಿಲ್ಲುವುದಿಲ್ಲ.

ಇದರಿಂದ ಆಗುವ ನಷ್ಟವೇನು? ಇದೇ ಈ ವಿಚಾರದ ಮರ್ಮವೆಂದು ನಮಗೆ ತೋರುತ್ತದೆ. ಹದಿಹರೆಯವೆಂದರೆ ಮೊದಲ ಬಾರಿ ಒಳಗಿನ ಸಂಕಟಕ್ಕೆ ಹೆಸರು ಹುಡುಕುವ ಕಾಲ. ಪರೀಕ್ಷೆಯ ಸೋಲು, ಗೆಳತಿಯ ವಂಚನೆ, ಜಾತಿ ಮೀರಿದ ಒಲವು, ತನ್ನ ದೇಹದ ಬಗೆಗಿನ ನಾಚಿಕೆ, ಬದುಕೇ ಬೇಡವೆನಿಸುವ ರಾತ್ರಿ ಇವೆಲ್ಲ ಈ ವಯಸ್ಸಿನ ಪಾಲು. ಇಂಗ್ಲಿಷಿನ ಹರೆಯದ ಕಾದಂಬರಿಗಳು ಇವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತವೆ. ಹಾಗಾಗಿ ಮಗುವಿಗೆ ತನ್ನ ದುಃಖದ ಪದಗಳೆಲ್ಲ ಇಂಗ್ಲಿಷಿನಲ್ಲಿ ಸಿಗುತ್ತವೆ. ಮನೆಯಲ್ಲಿ ಆಡುವ ನುಡಿ ಯಾವುದೇ ಇರಲಿ, ಅದರಲ್ಲಿ ಉಳಿಯುವುದು "ಊಟ ಬೇಡ", "ತಲೆನೋವು", "ಏನೂ ಇಲ್ಲ" ಎಂಬ ಮೂರು ಮಾತು. ಅಡುಗೆಮನೆಯಲ್ಲಿ ನಿಂತ ತಾಯಿಗೆ ಆ ಮೂರು ಮಾತಿನ ಹಿಂದೆ ಏನಿದೆಯೆಂದು ತಿಳಿಯುವ ಬಗೆಯಿಲ್ಲ. ಒಂದೇ ಕೋಣೆಯಲ್ಲಿ ಮಲಗುವ ಇಬ್ಬರ ನಡುವೆ ಹೀಗೆ ಒಂದು ಸಮುದ್ರ ನಿರ್ಮಾಣವಾಗುತ್ತದೆ. ಕನ್ನಡ ಉಳಿಯುವುದೋ ಬಿಡುವುದೋ ಎಂಬುದಕ್ಕಿಂತ ಇದು ಹತ್ತಿರದ ಸಂಕಟ.

ಇಲ್ಲಿಯೇ ಹಿರಿಯರ ಇನ್ನೊಂದು ಅಳುಕನ್ನೂ ಹೇಳಬೇಕು. ಕನ್ನಡ ಪುಸ್ತಕವೆಂದರೆ ಅದು ಸಂಸ್ಕಾರವನ್ನೇ ಕಲಿಸಬೇಕು, ಒಲವು, ಸೋಲು, ಬಂಡಾಯಗಳನ್ನು ಮುಟ್ಟಬಾರದೆಂಬ ನಿರೀಕ್ಷೆ ಹಲವರಲ್ಲಿದೆ. ಇಂಗ್ಲಿಷ್ ಪುಸ್ತಕದಲ್ಲಿ ಏನಿದೆಯೆಂದು ಅವರು ತೆರೆದು ನೋಡುವುದಿಲ್ಲ. ಕನ್ನಡ ಪುಸ್ತಕವನ್ನು ಮಾತ್ರ ಸೋಸಿ ಕೊಡುತ್ತಾರೆ. ಫಲವಾಗಿ ಮಗುವಿನ ಮನಸ್ಸಿನಲ್ಲಿ ಕನ್ನಡವೆಂದರೆ ಉಪದೇಶ, ಇಂಗ್ಲಿಷೆಂದರೆ ಜೀವನ ಎಂಬ ವಿಭಾಗ ಬೀಳುತ್ತದೆ. 1963ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ತ್ರಿವೇಣಿಯವರು 'ಶರಪಂಜರ'ದಲ್ಲಿ ಮನೋರೋಗದಿಂದ ಚೇತರಿಸಿಕೊಂಡ ಹೆಣ್ಣನ್ನು ಮನೆಯವರೇ ಹೇಗೆ ಮತ್ತೆ ತಳ್ಳುತ್ತಾರೆಂಬುದನ್ನು ಅಂದೇ ಬರೆದಿದ್ದರು. ಅಂದಿನ ಹೆಣ್ಣುಮಕ್ಕಳು ಅದನ್ನು ಕಾಲೇಜಿನ ಪುಸ್ತಕದೊಳಗೆ ಅಡಗಿಸಿಟ್ಟಾದರೂ ಓದಿದರು. ಕನ್ನಡಕ್ಕೆ ಇಲ್ಲದ ಧೈರ್ಯವಲ್ಲ ಅದು.

ತ್ರಿವೇಣಿಯವರ ಹೆಸರು ಬಂದಾಗ ಇನ್ನೊಂದು ಕಥೆ ನೆನಪಾಗುತ್ತದೆ. ಸುಧಾ ಮೂರ್ತಿಯವರು ಇಂಗ್ಲಿಷಿನಲ್ಲಿ ಬರೆದ, ಅಜ್ಜಿಗೆ ಓದು ಕಲಿಸಿದ ಪ್ರಸಂಗ ಶಾಲೆಯ ಪಠ್ಯದಲ್ಲಿಯೂ ಸೇರಿ ದೇಶದ ಲಕ್ಷಾಂತರ ಮಕ್ಕಳಿಗೆ ಪರಿಚಿತ. ಹಳ್ಳಿಯ ಅಜ್ಜಿಗೆ ಓದು ಬಾರದು. 'ಕರ್ಮವೀರ'ದಲ್ಲಿ ವಾರವಾರವೂ ಬರುತ್ತಿದ್ದ ತ್ರಿವೇಣಿಯವರ 'ಕಾಶಿಯಾತ್ರೆ'ಯ ಕಂತನ್ನು ಹನ್ನೆರಡರ ಮೊಮ್ಮಗಳು ಓದಿ ಹೇಳುತ್ತಾಳೆ. ಮೊಮ್ಮಗಳು ಊರಲ್ಲಿಲ್ಲದ ಒಂದು ವಾರ ಪತ್ರಿಕೆ ಕೈಯಲ್ಲಿದ್ದೂ ಕಥೆ ತಿಳಿಯದೆ ಅಜ್ಜಿ ಕಂಗಾಲಾಗಿ, ಮುಂದೆ ಓದು ಕಲಿಯುತ್ತಾರೆ. ಇಂದಿನ ಮುಂಬಯಿಯ ಮನೆಯಲ್ಲಿ ಈ ಚಿತ್ರವನ್ನು ತಿರುಗಿಸಿ ಇಡಬೇಕು. ಓದಬಲ್ಲವಳು ಅಜ್ಜಿ, ಓದಲಾರದವಳು ಮೊಮ್ಮಗಳು. ಆದರೆ ಕಥೆಯ ಪಾಠ ಬದಲಾಗುವುದಿಲ್ಲ. ಆ ಅಜ್ಜಿಯನ್ನು ಅಕ್ಷರದತ್ತ ಎಳೆದದ್ದು ಭಾಷಾಭಿಮಾನದ ಭಾಷಣವಲ್ಲ. ಮುಂದೇನಾಯಿತೆಂದು ತಿಳಿಯುವ ತವಕ. ಕಾಯುವುದಕ್ಕೆ ಒಂದು ಕಥೆಯಿದ್ದರೆ ಅಕ್ಷರ ಹಿಂದಿನಿಂದ ಬರುತ್ತದೆ.

ಅನುವಾದದಲ್ಲಿ ಓದಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಪಡೆದ ಮೇಲೆ ನಮ್ಮ ಕೆಲವು ಮಕ್ಕಳು ಅವನ್ನು ಇಂಗ್ಲಿಷಿನಲ್ಲಿ ಓದಿದ್ದಾರೆ. ಅದನ್ನು ಹಳಿಯುವುದು ಸಲ್ಲದು. ಹಿಂದಿನ ಬಾಗಿಲಿನಿಂದ ಬಂದವನೂ ಮನೆಗೆ ಬಂದವನೇ. ಅವನನ್ನು ಅಲ್ಲಿಯೇ ನಿಲ್ಲಿಸಿ ಗದರದೆ, ಮೂಲದ ಒಂದು ಪುಟವನ್ನು ಅವನೆದುರು ಗಟ್ಟಿಯಾಗಿ ಓದಿ ತೋರಿಸುವ ಸೌಜನ್ಯ ನಮ್ಮಲ್ಲಿರಬೇಕು.

ಹಾಗಾದರೆ ಈ ಋತುವಿನಲ್ಲಿ ಮಾಡಬಹುದಾದುದೇನು? ನಮ್ಮ ಸಂಘ ಸಂಸ್ಥೆಗಳ ವಾಚನಾಲಯಗಳಲ್ಲಿ ಬೀಗ ಹಾಕಿದ ಕಪಾಟುಗಳಿವೆ; ಅವುಗಳಲ್ಲಿ ಒಂದನ್ನು ಹದಿಹರೆಯದವರಿಗೆಂದು ಬಿಡಿಸಿ, ಮೇಲೆ ಹೇಳಿದಂಥ ಹತ್ತಿಪ್ಪತ್ತು ಪುಸ್ತಕಗಳನ್ನಿಟ್ಟು, ಬೀಗದ ಕೈಯನ್ನು ಅವರ ಕೈಗೇ ಕೊಡಬಹುದು. ದೀಪಾವಳಿ ಸಂಚಿಕೆಗಳಲ್ಲಿ ಗಣ್ಯರ ಶುಭಾಶಯದ ಪುಟಗಳನ್ನು ಸ್ವಲ್ಪ ಕಡಿಮೆ ಮಾಡಿ, ಮುಂಬಯಿಯ ಹುಡುಗ ಹುಡುಗಿಯರನ್ನೇ ಓದುಗರೆಂದು ಎಣಿಸಿ ಬರೆದ ಒಂದು ಕಿರುಕಾದಂಬರಿಗೆ ಜಾಗ ಮಾಡಬಹುದು. ಅದು ಕಂತುಗಳಲ್ಲಿ ಬಂದರೆ ಇನ್ನೂ ಮೇಲು. ಬರೆಯುವವರು ಇಲ್ಲಿಯ ಬೆರಕೆ ಮಾತನ್ನು ಅಂಜದೆ ಬಳಸಲಿ, ಮಲಿನವಾಯಿತೆಂದು ಹಿರಿಯರು ಮೂಗು ಮುರಿಯದಿರಲಿ. ಲಿಪಿ ಬಾರದ ಮಕ್ಕಳಿಗೆ ವಾರಕ್ಕೊಂದು ಸಂಜೆ, ಊಟದ ನಂತರ ಅರ್ಧ ಗಂಟೆ, ಮನೆಯ ಹಿರಿಯರೊಬ್ಬರು ಓದಿ ಹೇಳಲಿ. ತುಳುವಿನ ಮನೆಯಲ್ಲಿ ನಡುನಡುವೆ ತುಳುವಿನಲ್ಲಿ ಅರ್ಥ ಹೇಳಿದರೆ ತಪ್ಪೇನೂ ಇಲ್ಲ. ಓದುವಾಗ ಒಳ್ಳೆಯ ಕಡೆ ನಿಲ್ಲಿಸುವುದನ್ನು ಮಾತ್ರ ಕಲಿತುಕೊಳ್ಳಬೇಕು.

ಇಷ್ಟು ಮಾಡಿದ ಮೇಲೂ ಕೆಲವು ಮಕ್ಕಳು ಕನ್ನಡ ಓದದೇ ಹೋಗಬಹುದು. ಆಗ ಅವರನ್ನು ಕೃತಘ್ನರೆನ್ನುವ ಅಧಿಕಾರ ನಮಗಿಲ್ಲ. ಕೊಟ್ಟದ್ದನ್ನು ಬೇಡವೆನ್ನುವ ಸ್ವಾತಂತ್ರ್ಯವೂ ಕೊಡುಗೆಯ ಒಂದು ಭಾಗ. ಆದರೆ ಕೊಡದೆಯೇ ಬೇಡವೆಂದರು ಎಂದು ಹೇಳುವುದು ಬೇರೆ. ಬರುವ ದೀಪಾವಳಿಗೆ ಇನ್ನೂ ಕಾಲವಿದೆ. ಮಕ್ಕಳಿಗೆ ಹೊಸ ಬಟ್ಟೆಯ ಅಳತೆ ತೆಗೆಯುವಾಗಲೇ ಯಾವ ಕಥೆ ಕೇಳಲು ಇಷ್ಟವೆಂದು ಅವರನ್ನೇ ಒಮ್ಮೆ ವಿಚಾರಿಸಿ ನೋಡೋಣ. ಬಂದ ಉತ್ತರಗಳನ್ನು ಓದುಗ ಬಾಂಧವರು ಈ ಮಾಸಿಕಕ್ಕೆ ಬರೆದು ಕಳಿಸಿದರೆ, ನಮ್ಮ ಲೇಖಕರಿಗೆ ಯಾರಿಗಾಗಿ ಬರೆಯಬೇಕೆಂಬುದಾದರೂ ತಿಳಿದೀತು.